ಹೋಗಿ ಬಾ

ಚೆಲುವರಾಜು ಪಿನ್‌ಬಾಲ್ ಆಡುವುದನ್ನು ನೋಡಿದವರಿಗೆ ಇವನು ಆಡುತ್ತಿದ್ದಾನೋ ಹಸು ಕರೆಯುತ್ತಿದ್ದಾನೋ ಎಂಬ ಅನುಮಾನ ಬರುತ್ತದೆ. ಮಂಡ್ಯದ ಈ ಎಂಜಿನಿಯರು ವಾರವಿಡೀ ಆಫೀಸಿನಲ್ಲಿ ತುಟಿ ಬಿಚ್ಚುವುದಿಲ್ಲ. ಶನಿವಾರ ಅಮೆರಿಕದ ಈ ಕ್ಯಾಂಪ್‌ಬೆಲ್ ಊರಿನ ಪಿಜ್ಜಾ ಅಂಗಡಿಯಲ್ಲಿ ಟೂರ್ನಮೆಂಟು ಶುರುವಾಯಿತೆಂದರೆ ಬಾಯಿಗೆ ಪುರುಸೊತ್ತಿರುವುದಿಲ್ಲ. ಈ ಎಂಬತ್ತರ ದಶಕದ ಹುಡುಗರೆಲ್ಲ ವಿಡಿಯೋ ಗೇಮಿನ ಹಿಂದೆ ಬಿದ್ದಿದ್ದರೆ, ಇವನು ಮೂಲೆಯ ಹಳೇ ಮೆಷೀನಿನ ಪಕ್ಕೆ ಸವರುತ್ತಾ, "ಬಾ ನನ್ನವ್ವ, ಆ ಕಡೆ ಬ್ಯಾಡ, ಈ ಕಡೆ" ಎಂದು ಗಾಜಿನಡಿ ಉರುಳಾಡುವ ಉಕ್ಕಿನ ಗುಂಡನ್ನು ಪುಸಲಾಯಿಸುತ್ತಾನೆ. ಆಸೆ ಹೆಚ್ಚಾಗಿ ಒಂದು ಗುದ್ದು ಕೊಟ್ಟರೆ ಮೆಷೀನು ಮುನಿಸಿಕೊಂಡು ಆಟ ನಿಲ್ಲಿಸುತ್ತದೆ. ಆಗ ಅದರ ಕ್ಷಮೆಯನ್ನೂ ಕೇಳುತ್ತಾನೆ. ಎದುರಾಳಿಯ ಗುಂಡಿಗೂ ಬುದ್ಧಿ ಹೇಳದೆ ಬಿಡುವವನಲ್ಲ. ಯಾರದೇ ಗುಂಡು ಕೆಳಗಿನ ತೂತಿಗೆ ಬಿದ್ದರೂ "ಹೋಗಿ ಬಾ" ಎಂದು ಕಳಿಸಿಕೊಡುತ್ತಾನೆ. ಬರೀ 'ಹೋಗು' ಎನ್ನುವುದು ಅವನ ಪ್ರಕಾರ ಅಪಶಕುನ. ಕೇಳಿ ಕೇಳಿ ಅಲ್ಲಿನ ಅಮೆರಿಕನ್ನರೂ ಅದನ್ನು ಕಲಿತಿದ್ದಾರೆ, ಅವರ ಉಚ್ಚಾರ ತಪ್ಪಿದರೆ ಇವನು ಫೈನಲ್ ನಡುವೆಯೂ ತಿದ್ದುತ್ತಾನೆ. ಇವನನ್ನು ಎಲ್ಲರಿಗಿಂತ ಹೆಚ್ಚು ಸಲ ಸೋಲಿಸಿದವನು ಟ್ರಕ್ ಓಡಿಸುವ ಅರ್ಲ್. ಹೋದ ಶನಿವಾರ ಅರ್ಲ್‌ನ ಕಡೆಯ ಆಟ. ಮನೆ ಖಾಲಿ ಮಾಡಿ ದೂರದ ಆರೆಗಾನ್ ರಾಜ್ಯಕ್ಕೆ ಹೊರಟಿದ್ದ. ಆವತ್ತೂ ಅವನೇ ಗೆದ್ದ. ಬಾಗಿಲ ತನಕ ಹೋದವನು ತಿರುಗಿ, ಕೈಯೆತ್ತಿ, "ಹೋಗಿ ಬಾ, ರಾಜು" ಎಂದ. ಅದು ಹೊರಟವನು ಹೇಳುವ ಮಾತಲ್ಲ. ತಿದ್ದಲೆಂದು ಚೆಲುವರಾಜು ಬಾಯಿ ತೆರೆದ. ಆಮೇಲೆ, ಮೆಷೀನಿನ ಮೇಲಿದ್ದ ಕೈ ತೆಗೆಯದೆ, ಊರು ಬಿಡುತ್ತಿರುವವನು ತಾನೇ ಎಂಬಂತೆ, "ಹೋಗ್ಬತ್ತೀನಿ ಕಣಪ್ಪ" ಎಂದ.