ಮೊಳೆಗೆ ನೇತುಬಿದ್ದ ಶಾಲು

ತಕ್ಕಡಿಗೆ ಹಾಕಿದರೆ ಶಮ್ಸಾನ್ ತೂಗುವುದು ಹೀಗೆ: ಮೈ ಒಣಕಟ್ಟಿಗೆ, ಕೈ ಅಪರಂಜಿ, ನಾಲಿಗೆ ತುಕ್ಕು ಹಿಡಿದ ಗರಗಸ. ಕೈ ಬೇಕೆಂದವನು ನಾಲಿಗೆಯನ್ನೂ ಹೊತ್ತುಕೊಂಡೇ ಹೋಗಬೇಕು. ಬಿಡಿಯಾಗಿ ಸಿಗುವ ಮಾಲಲ್ಲ. ತುರ್ಬಾ ಪೇಟೆಗೆ ಏರುವ ಘಾಟಿಯ ಬುಡದಲ್ಲಿ ಅವನ ಬೈಕ್ ರಿಪೇರಿ ಅಂಗಡಿ.

ಜಗಿದರೆ ಅಮಲೇರುವ ಖಾತ್ ಸೊಪ್ಪಿನ ವ್ಯಾಪಾರಿ ಮುಕ್ಬಿಲ್ ಆ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದ. ‘ಶಮ್ಸಾನ್ ಒಂದು ಬೋಲ್ಟು ಬಿಗಿದರೆ ಎರಡು ಸಡಿಲ’ ಎಂದು ಅವನು ಹಿಂದೊಮ್ಮೆ ಸಂತೆಯಲ್ಲಿ ನಗೆಗೆಂದು ಬಿಟ್ಟ ಮಾತು ಶಮ್ಸಾನನ ಅರ್ಧ ಗಿರಾಕಿಗಳನ್ನು ಓಡಿಸಿತ್ತು.

ಅವತ್ತು ಮುಕ್ಬಿಲನ ಬೈಕಿನ ಮೇಲೆ ಬಾಳೆಲೆ ಸುತ್ತಿದ, ನೀರು ಚಿಮುಕಿಸಿದ ಎಳೆ ಸೊಪ್ಪಿನ ಕಟ್ಟುಗಳಿದ್ದವು. ಜನ ಊಟ ಮುಗಿಸಿ ಜಗಿಯಲು ಕೂರುವ ಮುಂಚೆ ಪೇಟೆ ಸೇರಿದರೆ ಅದು ಸರಕು, ತಡವಾದರೆ ಆಡಿನ ಮೇವು. ಘಾಟಿಯ ಮೊದಲ ತಿರುವಿನಲ್ಲೇ ಎಂಜಿನ್ ಅರಚಿತು, ಗಾಡಿ ಏರಲಿಲ್ಲ. ಕ್ಲಚ್ಚು ಜಾರುತ್ತಿತ್ತು. ತಳ್ಳಿಕೊಂಡು ಕೆಳಗಿಳಿದರೆ ಎದುರಿಗೆ ಇದ್ದದ್ದು ಅದೊಂದೇ ಅಂಗಡಿ.

“ಏನ್ ಸಾವ್ಕಾರ್ರೇ, ದಾರಿ ತಪ್ತಾ?” ಶಮ್ಸಾನ್ ಚಹಾದ ಲೋಟದಿಂದ ಕಣ್ಣೆತ್ತಲಿಲ್ಲ.

“ಕ್ಲಚ್ ಜಾರ್ತಿದೆ. ಬೇಗ ನೋಡು.”

“ನಾನ್ಯಾಕಪ್ಪಾ? ಒಂದ್ ಬಿಗಿದ್ರೆ ಎರಡು ಸಡ್ಲ ಆಗುತ್ತೆ. ನಿನ್ ಸೊಪ್ಪು ಬಾಡ್ಲಿ, ಆಡುಗಳು ನಿಂಗೆ ದುವಾ ಮಾಡ್ತವೆ.”

“ಎರಡರಷ್ಟು ಕೂಲಿ ಕೊಡ್ತೀನಿ.”

“ನಿನ್ ಕಾಸು ನಿನ್ ಸೊಪ್ಪಿನ ಥರಾನೇ. ಮೇಲ್ಗಡೆ ಹಸಿರು, ಒಳಗೆ ಕಡ್ಡಿ.”

ಮುಕ್ಬಿಲ್ ಬಿಸಿಲು ನೋಡಿದ, ಕಟ್ಟುಗಳನ್ನು ನೋಡಿದ. ಆಮೇಲೆ ತಲೆಯ ಶಾಲು ಬಿಚ್ಚಿ ಶಮ್ಸಾನನ ಕಾಲ ಬಳಿ ಎಸೆದ. ಆ ಸೀಮೆಯಲ್ಲಿ ಹಾಗೆ ಶಾಲು ಎಸೆದು ಕೇಳಿದವನಿಗೆ ಹಗೆಯಾದವನೂ ಒಲ್ಲೆ ಎನ್ನುವಂತಿಲ್ಲ. ಕೇಳಿದ್ದನ್ನು ನಡೆಸಿಕೊಟ್ಟು, ಶಾಲನ್ನೆತ್ತಿ ಅವನ ತಲೆಗೇ ಹೊದಿಸಬೇಕು. ಅಲ್ಲಿಗೆ ಜಗಳವೂ ಮುಗಿಯಿತು.

ಶಮ್ಸಾನ್ ಶಾಲನ್ನೆತ್ತಿ ಬೆರಳಲ್ಲಿ ಹೊಸಕಿದ. “ಬಟ್ಟೆ ಚೆನ್ನಾಗಿದೆ. ಒರೆಸೋಕೆ ಬೇಕಿತ್ತು.”

ಎಂಜಿನ್ನಿನ ಎಣ್ಣೆ ಬಸಿದು, ಬೆರಳಿಗೆ ಹಚ್ಚಿ ಮೂಸಿದ. “ಇದ್ಯಾವ ಎಣ್ಣೆ?”

“ಕಾರಿಂದು. ಅಗ್ಗಕ್ಕೆ ಸಿಕ್ತು. ಎಷ್ಟು ನುಣುಪು ಗೊತ್ತಾ!”

“ನುಣುಪು! ಕ್ಲಚ್ಚಿನ ತಟ್ಟೆಗಳೂ ಇದೇ ಎಣ್ಣೇಲೇ ಮುಳುಗಿರೋದು ಕಣೋ. ಒಂದನ್ನೊಂದು ಹಿಡೀಬೇಕಾದವಕ್ಕೆ ಜಾರೋ ಎಣ್ಣೆ ಕುಡಿಸಿದೀಯ. ಚೌಕಾಸಿ ಮಾಡಿ ಮಾಡಿ ನಿನ್ ಬುದ್ಧೀನೂ ಅರ್ಧ ಬೆಲೆಗೆ ಕೊಂಡ್ಯಾ?”

ಬೈದುಕೊಂಡೇ ಮುಚ್ಚಳ ಬಿಚ್ಚಿದ, ತಟ್ಟೆಗಳನ್ನು ಪೆಟ್ರೋಲಿನಲ್ಲಿ ತೊಳೆದ. ಹೊಳಪೇರಿದ ಉಕ್ಕನ್ನು ಉಜ್ಜುಕಾಗದಕ್ಕೆ ತಿಕ್ಕಿ ಒರಟು ಮಾಡಿದ, ಒಂದೊಂದನ್ನೂ ಮುಕ್ಬಿಲನ ಶಾಲಿನಲ್ಲಿ ಒರೆಸಿದ. ಸೋತ ಸ್ಪ್ರಿಂಗುಗಳ ಕೆಳಗೆ ತೆಳು ಬಿಲ್ಲೆ ಕೊಟ್ಟು ಜೋಡಿಸಿ, ಬೈಕಿನದೇ ಎಣ್ಣೆ ಸುರಿದ. ಮುಕ್ಬಿಲ್ ಸೊಪ್ಪಿಗೆ ನೀರು ಚಿಮುಕಿಸುತ್ತ, ತನ್ನ ಬಿಳಿ ಶಾಲು ಕಪ್ಪಾಗುವುದನ್ನು ನೋಡುತ್ತ ಕೂತಿದ್ದ.

“ಒದಿ.”

ಗಾಡಿ ಹತ್ತಿಕೊಂಡಿತು. ಕ್ಲಚ್ಚು ಬಿಟ್ಟೊಡನೆ ಕಚ್ಚಿ ಮುಂದಕ್ಕೆ ಹಾರಿತು.

ಮುಕ್ಬಿಲ್ ತಲೆ ಒಡ್ಡಿದ. ಶಮ್ಸಾನ್ ಶಾಲನ್ನು ಮೊಳೆಗೆ ನೇತುಹಾಕಿದ.

“ನೀನ್ ಕೇಳಿದ್ದು ಆಯ್ತು. ನನ್ ಹಗೆ ನನ್ ಹತ್ರಾನೇ ಇರ್ಲಿ. ಬರಿ ತಲೇಲಿ ಹೋಗು. ತಲೆ ಯಾಕೆ ಬರಿದು ಅಂತ ಸಂತೇಲಿ ಕೇಳ್ತಾರೆ, ಹೇಳು.”

ಘಾಟಿ ಏರಿದ್ದು ಗೊತ್ತಾಗಲೇ ಇಲ್ಲ. ಸೊಪ್ಪು ಇನ್ನೂ ತೊಟ್ಟಿಕ್ಕುತ್ತಿತ್ತು. ಆದರೆ ಗಿರಾಕಿಗಳ ಕಣ್ಣು ಸೊಪ್ಪಿಗಿಂತ ಮೊದಲು ಬಿದ್ದದ್ದು ತಲೆಯ ಮೇಲೆ.

“ಯಾರ ಕಾಲಿಗೆ ಬಿದ್ದು ಬಂದ್ಯೋ ಮುಕ್ಬಿಲ್?”

ಹಗುರವಾದ ಸುಳ್ಳುಗಳು ನಾಲ್ಕಾರು ನಾಲಿಗೆಯ ತುದಿಗೆ ಬಂದವು. ಬರಿತಲೆಗೆ ಯಾವುದೂ ಹೊಂದಲಿಲ್ಲ.

“ಶಮ್ಸಾನನ ಕಾಲಿಗೆ,” ಎಂದ, ಹಲ್ಲು ಕಡಿಯುತ್ತ. “ಕ್ಲಚ್ ಮಾಡಿದ್ದು ಅವ್ನೇ. ಒಂದೂ ಸಡ್ಲ ಇಲ್ಲ. ಅವತ್ತು ನಾನಂದಿದ್ದು ಸುಳ್ಳು. ಸಾಕಾ? ಈಗ ಸೊಪ್ಪು ತಗೊಳ್ರಿ.”

ಶಮ್ಸಾನನ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಶಾಲು ಇನ್ನೂ ಮೊಳೆಯಲ್ಲೇ ಇದೆ, ಬಣ್ಣ ಗುರುತು ಸಿಗುವುದಿಲ್ಲ. ಇಬ್ಬರೂ ಈಗಲೂ ಸಲಾಂ ಹೇಳುವುದಿಲ್ಲ. ಆ ದಿನದ ಸರಕು ಬಾಡದೆ ಪೇಟೆ ಮುಟ್ಟಿದ್ದಕ್ಕೆ ಮುಕ್ಬಿಲ್ ಶಮ್ಸಾನನಿಗೆ ಋಣಿ.