ಮದ್ದು ಅಳೆಯುತ್ತಿದ್ದ ನೆರೆಯವರು

ತೊಂಬತ್ತರ ದಶಕದ ಕೊನೆಗೆ ನಾವು ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನಲ್ಲಿದ್ದಾಗ, ಪಕ್ಕದ ಮನೆಯ ಡಚ್ ಯಜಮಾನರು ಶೂಟಿಂಗ್ ಕ್ಲಬ್ಬಿನ ಸದಸ್ಯರಾಗಿದ್ದರು. ಹಾರಿಸಿದ ತೋಟಾಗಳಿಗೆ ಮತ್ತೆ ಮದ್ದು ತುಂಬುವುದು ಅವರ ಹವ್ಯಾಸ. ಮದ್ದು ಅಳೆಯಲು ಕೈಯಿಂದ ಹಿಡಿಕೆ ತಿರುಗಿಸುವ ಸಾಧನ ಒಳ್ಳೆಯದೋ, ಗುಂಡಿ ಒತ್ತಿದರೆ ತಾನೇ ತೂಗಿ ಸುರಿಯುವ ಯಂತ್ರ ಒಳ್ಳೆಯದೋ ಎಂಬುದೊಂದೇ ಅವರ ಚಿಂತೆ. ಎರಡನ್ನೂ ಕೊಂಡು ಶೆಡ್ಡಿನಲ್ಲಿ ಎದುರುಬದುರು ಇಟ್ಟಿದ್ದರು. ಅಕ್ಕಸಾಲಿಗ ನಾಚುವ ಹಾಗೆ ಮದ್ದು ತೂಗಿ, ಕನ್ನಡಕ ಹಣೆಗೇರಿಸಿ, "ಏವನ್ ಕೈಕನ್," ಅಂದರೆ ಸ್ವಲ್ಪ ನೋಡೋಣ, ಎಂದು ಮತ್ತೆ ಡಬ್ಬಿಗೇ ಸುರಿಯುತ್ತಿದ್ದರು.

ಒಮ್ಮೆ ನನ್ನ ಹೆಂಡತಿ ಚಕ್ಕುಲಿ ಕೊಡಲು ಶೆಡ್ಡಿನ ಬಾಗಿಲು ತೆರೆದಳು. "ಉಸಿರು ಬಿಡಬೇಡಿ, ತಕ್ಕಡಿ ಅಲುಗತ್ತೆ!" ಎಂದು ಕೂಗಿಕೊಂಡರು. ಅವಳು ತಟ್ಟೆ ಇಟ್ಟು ಹೊರಬಂದು, "ಇವರು ಗುಂಡು ಹಾರಿಸೋದು ಯಾವಾಗ್ರೀ?" ಎಂದಳು.

ಹಾರಿಸಲೇ ಇಲ್ಲ. ಪರವಾನಗಿ ಉಳಿಯಬೇಕಾದರೆ ವರ್ಷಕ್ಕೆ ಇಂತಿಷ್ಟು ಸಲ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯಬೇಕಿತ್ತು. ಆ ವರ್ಷ ಇವರು ಒಮ್ಮೆಯೂ ಹೋಗಿರಲಿಲ್ಲ. ಪೊಲೀಸರು ಬಂದು ಪಿಸ್ತೂಲನ್ನೂ ಮದ್ದಿನ ಡಬ್ಬಿಗಳನ್ನೂ ಒಯ್ದರು. ಅಳತೆಯ ಸಾಧನಗಳನ್ನು ಮುಟ್ಟಲಿಲ್ಲ.

ಮರುದಿನ ಅವರು ಬೇಲಿಯ ಆಚೆಯಿಂದ ನನ್ನನ್ನು ಕರೆದರು. ಮುಖದಲ್ಲಿ ಏನೋ ಗೆದ್ದ ಕಳೆ.

"ಕೊನೆಗೂ ತೀರ್ಮಾನ ಮಾಡಿದೆ," ಎಂದರು. "ಕೈಯಿಂದ ತಿರುಗಿಸೋದೇ ವಾಸಿ."