ಪಾಲಾದ ಸ್ಟೀರಿಯೊ

ಸುರಪುರದ ನನ್ನ ರೇಡಿಯೊ ರಿಪೇರಿ ಅಂಗಡಿಯನ್ನು ಮುಚ್ಚುವ ಹಿಂದಿನ ವರ್ಷದ ಮಾತು. ಮೊಬೈಲು ಬಂದ ಮೇಲೆ ನೊಣ ಹೊಡೆಯುವುದೇ ಕೆಲಸವಾಗಿತ್ತು. ಆದರೂ ಕೆಟ್ಟದ್ದನ್ನು ಎಸೆಯಿರಿ ಎಂದು ನಾನು ಯಾರಿಗೂ ಹೇಳಿದವನಲ್ಲ.

ಆಗ ಕಕ್ಕೇರಾದ ಅಣ್ಣತಮ್ಮಂದಿರಿಬ್ಬರು ಬಂದರು. ಅಪ್ಪ ತೀರಿದ ಮೇಲೆ ಹೊಲ, ಮನೆ ಹಂಚಿಕೊಂಡವರು ಅಪ್ಪನ ಸ್ಟೀರಿಯೊ ಸೆಟ್ಟನ್ನೂ ಬಿಟ್ಟಿರಲಿಲ್ಲ. ಅಣ್ಣನಿಗೆ ಕ್ಯಾಸೆಟ್ ಡೆಕ್ಕು, ಒಂದು ಸ್ಪೀಕರು. ತಮ್ಮನಿಗೆ ಆಂಪ್ಲಿಫೈಯರು, ಇನ್ನೊಂದು ಸ್ಪೀಕರು. ಪಾಲು ಮಾಡಿದ ಹಿರಿಯರಿಗೆ ಲೆಕ್ಕ ಸಮ ಬಂದರೆ ಸಾಕಾಗಿತ್ತು. ಎರಡೂ ಮನೆಯಲ್ಲಿ ಸೆಟ್ಟು ಮೂಕ! ಇಬ್ಬರೂ ಪಾಲಿಗೆ ಬಂದದ್ದನ್ನು ನನ್ನ ಅಂಗಡಿಗೆ ಹೊತ್ತು ತಂದಿದ್ದರು.

ಕೂರಿಸಿ ತಿಳಿಸಿ ಹೇಳಿದೆ. ಡೆಕ್ಕು ಟೇಪಿನಲ್ಲಿರುವುದನ್ನು ಓದುತ್ತದೆ, ಅಷ್ಟೆ. ಅದರ ಸಿಗ್ನಲ್ಲಿಗೆ ಸ್ಪೀಕರನ್ನು ಅಲುಗಿಸುವ ತಾಕತ್ತಿಲ್ಲ. ಆ ತಾಕತ್ತು ತುಂಬುವುದು ಆಂಪ್ಲಿಫೈಯರು. ಅದನ್ನು ದನಿಯಾಗಿಸುವುದು ಸ್ಪೀಕರು. ಒಂದು ತಪ್ಪಿದರೂ ಉಳಿದವು ಬರೀ ಡಬ್ಬಿ.

"ಅದೆಲ್ಲಾ ಬ್ಯಾಡ್ರಿ. ಬ್ಯಾರೆ ಆಂಪ್ಲಿಫೈಯರ್ ಹಾಕಿ, ನನ್ನ ಪಾಲಿಂದು ಅಷ್ಟ ನುಡಿಯೂ ಹಂಗ ಮಾಡ್ರಿ. ಇಲ್ಲಂದ್ರ ಶಹಾಪುರಕ್ಕ ಒಯ್ತೀನಿ," ಎಂದ ಅಣ್ಣ.

"ಒಯ್ರಿ. ನಾ ಅಂತೂ ಮಾಡಂಗಿಲ್ಲ," ಎಂದೆ. ನನಗೂ ಸಿಟ್ಟು ನೆತ್ತಿಗೇರಿತ್ತು.

ಸೆಟ್ಟು ಅಂಗಡಿಗೆ ಹೋದ ಸುದ್ದಿ ತಿಳಿದಿದ್ದ ಅವರ ತಂಗಿ ಶಾಂತಾ ಅಷ್ಟರಲ್ಲೇ ನಾರಾಯಣಪುರದಿಂದ ಬಸ್ಸು ಹಿಡಿದು ಬಂದೇಬಿಟ್ಟಳು. ಅಲ್ಲಿ ಆಕೆ ಶಾಲೆಯ ಟೀಚರು. "ಹೊಲ ಕೇಳಲಿಲ್ಲ, ಮನಿ ಕೇಳಲಿಲ್ಲ. ಸೆಟ್ ಮಾತ್ರ ಬಿಡಂಗಿಲ್ಲ, ಪೂರಾ ಬೇಕು."

"ಹೆಣ್ಮಕ್ಕಳಿಗೆ ಎಲ್ಲೀ ಪಾಲು?" ಎಂದ ಅಣ್ಣ.

ಆಕೆ ಅಪ್ಪ ಹಾಡಿದ ಭಜನೆಯ ಕ್ಯಾಸೆಟ್ಟನ್ನು ಚೀಲದಿಂದ ತೆಗೆದು, "ಕಾಕಾ, ಎಲ್ಲಾ ಕೂಡಸ್ರಿ," ಎಂದಳು.

ಕೂಡಿಸಿದೆ. ಸ್ಪೀಕರುಗಳನ್ನು ದೂರ ದೂರ ಇಟ್ಟು ಮೂವರನ್ನೂ ಎದುರಿಗೆ, ಮಧ್ಯದಲ್ಲಿ ಕೂರಿಸಿದೆ. ಎಡಕ್ಕೆ ಹಾರ್ಮೋನಿಯಂ, ಬಲಕ್ಕೆ ತಬಲಾ. ಅಪ್ಪನ ದನಿ ಮಾತ್ರ ನಟ್ಟನಡುವೆ, ಯಾವ ಡಬ್ಬಿಯೂ ಇಲ್ಲದ ಕಡೆಯಿಂದ ಬಂತು. ಎರಡೂ ಸ್ಪೀಕರಿನಿಂದ ಸಮನಾಗಿ ಹೊರಟದ್ದು ಕಿವಿಗೆ ನಡುವೆ ಕೇಳಿಸುತ್ತದೆ. ಸ್ಟೀರಿಯೊದ ಗುಣವೇ ಅದು. ತಮ್ಮ ಎದ್ದು ಹೋಗಿ ಆ ಖಾಲಿ ಜಾಗದಲ್ಲಿ ಕೈಯಾಡಿಸಿ ನೋಡಿದ.

"ಅಪ್ಪ ಯಾರ ಪಾಲಿಗೆ ಬಂದಾನ? ಈಗ ಹೇಳ್ರಿ," ಎಂದಳು ಶಾಂತಾ.

ತಮ್ಮ ಆಂಪ್ಲಿಫೈಯರನ್ನು ಹೊತ್ತು, ತಂಗಿಗೆಂದು ಕರೆದ ಆಟೊದಲ್ಲಿ ಇಟ್ಟ. ಅಣ್ಣ ಬಾಗಿಲಲ್ಲೇ ಗೊಣಗಿದ: "ಒಯ್ಯಿ. ನಾ ಅಂತೂ ನಿನ್ನ ಮನಿಗೆ ಕೇಳಾಕ ಬರಂಗಿಲ್ಲ."

"ಬರಬ್ಯಾಡ. ನಾ ಕ್ಯಾಸೆಟ್ ಹಚ್ಚೂದು ಬಿಡಂಗಿಲ್ಲ," ಎಂದು ಆಕೆ ಡೆಕ್ಕನ್ನು ತಾನೇ ಎತ್ತಿಕೊಂಡಳು.

ಕೂಡಿದ್ದರೆ ಮಾತ್ರ ನುಡಿಯುವುದನ್ನು ಒಡೆದು ಕೊಡೆಂದು ಯಾರೇ ಬಂದರೂ ಒಲ್ಲೆ ಎನ್ನಬೇಕು. ನನ್ನ ಕಸುಬು ಕಲಿಸಿದ್ದು ಇಷ್ಟೇ. ಗಿರಾಕಿ ಹೋದರೆ ಹೋಗಲಿ.